ಮತ್ತೆ ವೇದಿಕೆಗೆ ಬಂದ ಜೆಫ್ ಮ್ಯಾಂಗಮ್

ಪ್ರಶ್ನೆ: 1998ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ ಒಂದು ಸಣ್ಣ ಕ್ಲಬ್ಬಿನಲ್ಲಿ ‘ನ್ಯೂಟ್ರಲ್ ಮಿಲ್ಕ್ ಹೋಟೆಲ್’ ಎಂಬ ಇಂಡೀ ರಾಕ್ ತಂಡದ ಹಾಡುಗಳನ್ನು ಕೇಳಿದ್ದೆ. ಅನಂತರ ಅದರ ಗಾಯಕ ಜೆಫ್ ಮ್ಯಾಂಗಮ್ ಮರೆಯಾದರು. 2014ರಲ್ಲಿ ತಂಡವನ್ನು ಮತ್ತೊಮ್ಮೆ ನೋಡಿ ಬಹಳ ಸಂತೋಷಪಟ್ಟೆ. ಹಾಡಿದ್ದೆಲ್ಲ ಹಳೆಯ ಹಾಡುಗಳೇ. ಫೋಟೊ, ವಿಡಿಯೊ ತೆಗೆಯಬೇಡಿ ಎಂದೂ ಕೇಳಿಕೊಂಡಿದ್ದರು. ಆಲ್ಬಂ ಮನೆಯಲ್ಲೇ ಇರುವಾಗ ಅಷ್ಟು ದೂರ ಹೋಗಿ ಕೇಳುವುದರಲ್ಲಿ ಏನಿದೆ ಎಂದು ಮಗಳು ಕೇಳುತ್ತಾಳೆ. ಏನು ಹೇಳಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ಎರಡು ಸಲ ಕೇಳಿದ್ದು ಅವೇ ಹಾಡುಗಳನ್ನಾದರೂ ಅದೇ ಸಭೆಯಲ್ಲಿ ಅಲ್ಲ ಎಂಬುದನ್ನು ಮಗಳಿಗೆ ಮೊದಲು ಹೇಳಿ. ಅವರ ಆಲ್ಬಂ ‘ಇನ್ ದಿ ಏರೋಪ್ಲೇನ್ ಓವರ್ ದಿ ಸೀ’ 1998ರ ಫೆಬ್ರವರಿಯಲ್ಲಿ ಬಿಡುಗಡೆಯಾದಾಗ ಆ ತಂಡವನ್ನು ಬಲ್ಲವರು ಕಡಿಮೆ. ಆ ವರ್ಷದ ಪ್ರವಾಸದ ನಂತರ ಮ್ಯಾಂಗಮ್ ಬಹುಮಟ್ಟಿಗೆ ವೇದಿಕೆಯಿಂದ ದೂರವೇ ಉಳಿದರು. ಆಲ್ಬಂ ಮಾತ್ರ ಗೆಳೆಯರಿಂದ ಗೆಳೆಯರಿಗೆ ದಾಟುತ್ತಾ, ಅದು ಹೊರಬಂದಾಗ ಇನ್ನೂ ಶಾಲೆಯಲ್ಲಿದ್ದವರಿಗೂ ಬಾಯಿಪಾಠವಾಯಿತು. 2010ರ ಮೇ ತಿಂಗಳಲ್ಲಿ, ಪಾರ್ಶ್ವವಾಯುವಿಗೆ ತುತ್ತಾಗಿದ್ದ ನ್ಯೂಜಿಲೆಂಡಿನ ಸಂಗೀತಗಾರ ಕ್ರಿಸ್ ನಾಕ್ಸ್ ಅವರ ಸಹಾಯಾರ್ಥ ನ್ಯೂಯಾರ್ಕಿನಲ್ಲಿ ನಡೆದ ಕಾರ್ಯಕ್ರಮದಲ್ಲಿ ಅವರು ಹಾಡಿದರು. ಮರುವರ್ಷ ಗಿಟಾರು ಹಿಡಿದು ಒಬ್ಬರೇ ಪ್ರವಾಸ ಹೊರಟರು. 2013ರಲ್ಲಿ ಹಳೆಯ ತಂಡವೇ ಒಟ್ಟುಗೂಡಿತು. ಹೀಗಾಗಿ ನಿಮಗೆ ಎರಡನೆಯದಾದ ಆ ಸಂಜೆ ನಿಮ್ಮ ಸುತ್ತ ನಿಂತಿದ್ದ ಬಹುತೇಕ ಮಂದಿಗೆ ಮೊದಲನೆಯದಾಗಿತ್ತು, ಆದರೂ ಅವರಿಗೆ ಪ್ರತಿ ಸಾಲೂ ಗೊತ್ತಿತ್ತು. 1998ರ ಕ್ಲಬ್ಬಿನಲ್ಲಿ ಇದು ಸಾಧ್ಯವೇ ಇರಲಿಲ್ಲ.

ಕರ್ನಾಟಕ ಸಂಗೀತದ ರಸಿಕರು ಕೇಳಿದ ಕೃತಿಯನ್ನೇ ಮತ್ತೆ ಕೇಳಲು ಹೋಗುವುದು ಗಾಯಕರ ಮನೋಧರ್ಮಕ್ಕಾಗಿ, ಎಂದರೆ ಆ ಹೊತ್ತಿಗೆ ಹೊಳೆದಂತೆ ಅವರು ಮಾಡುವ ವಿಸ್ತಾರಕ್ಕಾಗಿ. ಮ್ಯಾಂಗಮ್ ಅವರ ಹಾಡುಗಳಲ್ಲಿ ಅಂಥ ವಿಸ್ತಾರಕ್ಕೆ ಜಾಗ ಕಡಿಮೆ. ಇಲ್ಲಿ ಹೊಸತನ ಬರುವುದು ನಾದ ಹುಟ್ಟುವ ಬಗೆಯಿಂದ. ತಂಡದ ಜೂಲಿಯನ್ ಕೋಸ್ಟರ್ ವಾದ್ಯದಂತೆ ನುಡಿಸುವ ಗರಗಸವನ್ನು ನೀವು ಹತ್ತಿರದಿಂದ ನೋಡಿರಬಹುದು. ಹಿಡಿಯನ್ನು ಕಾಲುಗಳ ನಡುವೆ ಬಿಗಿಹಿಡಿದು, ಅಲಗನ್ನು ಬಾಗಿಸಿ, ಹಲ್ಲಿಲ್ಲದ ಅಂಚಿನ ಮೇಲೆ ಪಿಟೀಲಿನ ಕಮಾನು ಎಳೆದರೆ ಅದು ಮನುಷ್ಯರ ಧ್ವನಿಯಂತೆ ನಡುಗುತ್ತಾ ಹಾಡುತ್ತದೆ. ಅದರ ಮೇಲೆ ಸ್ವರಸ್ಥಾನದ ಗುರುತುಗಳಿಲ್ಲದ ಕಾರಣ, ಎಷ್ಟು ಬಾಗಿಸಬೇಕೆಂಬುದನ್ನು ಕೈ ಮತ್ತು ಕಿವಿ ಸೇರಿ ಪ್ರತಿ ಸಲವೂ ಹೊಸದಾಗಿ ಕಂಡುಕೊಳ್ಳಬೇಕು. ಆಲ್ಬಂನಲ್ಲಿ ಆ ಸ್ವರ ಈಗಾಗಲೇ ಸಿಕ್ಕಾಗಿದೆ. ಸಭೆಯಲ್ಲಿ ಅದು ಸಿಗುವುದನ್ನು ಕಣ್ಣೆದುರೇ ನೋಡುತ್ತೇವೆ.

ಮೊಬೈಲಿನ ವಿಷಯದಲ್ಲಿ ನಾನು ಸಂಪೂರ್ಣವಾಗಿ ಮ್ಯಾಂಗಮ್ ಅವರ ಪಕ್ಷ. ಅವರ ಕಾರ್ಯಕ್ರಮಗಳಲ್ಲಿ ಜನ ಜೊತೆಗೂಡಿ ಹಾಡುತ್ತಿದ್ದರು, ಅವರೂ ಅದನ್ನು ಬಯಸುತ್ತಿದ್ದರು. ಎತ್ತಿ ಹಿಡಿದ ಪರದೆಗಳು ಮುಂದೆ ಸಾಲುಗಟ್ಟಿದ್ದರೆ ಹಿಂದಿನ ಸಾಲಿನವರು ಹಾಡುವುದಿರಲಿ, ವೇದಿಕೆಯನ್ನು ಕಾಣುವುದೂ ಕಷ್ಟ. ಇಷ್ಟು ವರ್ಷ ಕಾದವರಿಗೆ ಕಲಾವಿದರು ಕಣ್ಣಾರೆ ಕಾಣಿಸಲೇಬೇಕು.

ಹೊಸ ಹಾಡುಗಳಿಲ್ಲದಿದ್ದುದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಅಲ್ಲಿಗೆ ಬಂದವರಿಗೆ ಬೇಕಾಗಿದ್ದುದು 1996 ಮತ್ತು 1998ರ ಎರಡು ಆಲ್ಬಂಗಳ ಹಾಡುಗಳೇ. 2015ರ ಪ್ರವಾಸದೊಂದಿಗೆ ತಂಡದ ಆ ಪುನರಾಗಮನವೂ ಮುಗಿಯಿತು. ನೀವು ಹೋಗದೆ ಇದ್ದಿದ್ದರೆ ಆ ಅವಕಾಶ ತಪ್ಪಿಹೋಗುತ್ತಿತ್ತು. ಮಗಳಿಗೆ ಇಷ್ಟವಾದ ಗಾಯಕರು ಯಾರಾದರೂ ಹತ್ತಿರದ ಊರಿಗೆ ಬಂದಾಗ, ಇನ್ನೊಮ್ಮೆ ನೋಡಿದರಾಯಿತು ಎಂದು ಬಿಡದೆ ಟಿಕೆಟ್ ತೆಗೆಸಿಕೊಡಿ.