ಮ್ಯಾನೇಜರ್ ಬೈದದ್ದಲ್ಲ ಬಿಡಿ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಇನ್ನೂ ತಿಂಗಳಾಗಿಲ್ಲ, ಮೀಟಿಂಗ್‌ನಲ್ಲಿ ನೀವು ‘ಐ ಹ್ಯಾವ್ ಎ ಡೌಟ್’ ಅಂತ ಶುರು ಮಾಡಿದ್ದಕ್ಕೆ ಮ್ಯಾನೇಜರ್ ಎಲ್ಲರೆದುರು ‘ಯೂ ಹ್ಯಾವ್ ಗಾಟ್ ದ ರಾಂಗ್ ಎಂಡ್ ಆಫ್ ದ ಸ್ಟಿಕ್’ ಅಂದರು, ಕ್ಷಮೆ ಕೇಳಬೇಕಾ, ಕೆಲಸಕ್ಕೇ ಕುತ್ತಾ ಅಂತ ಕೇಳಿದ್ದೀರಿ. ಎರಡೂ ಇಲ್ಲ. ನೀವು ವಿಷಯವನ್ನು ಬೇರೆ ಥರ ತಿಳಿದುಕೊಂಡಿದ್ದೀರಿ ಅಂತ ಹೇಳಿದ್ದು, ಅಷ್ಟೇ. ಇಲ್ಲಿ ಮನೆಯವರಿಗೂ ಹೇಳುತ್ತಾರೆ, ಬಾಸ್‌ಗೂ ಹೇಳುತ್ತಾರೆ. ಕೋಲಿನ ಹೆಸರು ಕೇಳಿ ಹೆದರಬೇಡಿ.

ನೇರವಾಗಿ ಹೇಳಿದರಲ್ಲ, ಅದು ಒಳ್ಳೆಯದೇ. ಇಂಗ್ಲೆಂಡಿನಲ್ಲಿ ಹುಷಾರಾಗಿರಬೇಕಾದದ್ದು ನಯವಾದ ಮಾತಿಗೆ. ‘ಕ್ವೈಟ್ ಗುಡ್’ ಅಂದರೆ ಹಿಗ್ಗಬೇಡಿ, ಬಹಳ ಸಲ ಅದು ‘ಪರವಾಗಿಲ್ಲ’ ಅನ್ನುವಷ್ಟೇ. ‘ವಿತ್ ರೆಸ್ಪೆಕ್ಟ್’ ಅಂತ ಶುರು ಮಾಡಿದರೆ ನಿಮ್ಮ ಮಾತು ಒಪ್ಪಿಲ್ಲ. ‘ಐ ವಿಲ್ ಬೇರ್ ಇಟ್ ಇನ್ ಮೈಂಡ್’ ಅಂದರೆ ನಿಮ್ಮ ಐಡಿಯಾ ಹೆಚ್ಚುಕಡಿಮೆ ಮೂಲೆ ಸೇರಿತು. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ‘ಊರಿಗೆ ಹೋಗಿ ತಿಳಿಸ್ತೀವಿ’ ಅನ್ನುತ್ತಾರಲ್ಲ, ಅದನ್ನು ಯಾರಾದರೂ ಒಪ್ಪಿಗೆ ಅಂತ ತಿಳಿದು ಛತ್ರ ಹುಡುಕುತ್ತಾರಾ?

ಇಂಗ್ಲಿಷೇ ಮನೆಮಾತಾದವರೂ ಇದರಲ್ಲಿ ಎಡವಿದ್ದಾರೆ. 1951ರ ಏಪ್ರಿಲ್, ಕೊರಿಯಾ ಯುದ್ಧ. ಇಮ್ಜಿನ್ ನದಿಯ ಹತ್ತಿರ ಬ್ರಿಟನ್ನಿನ ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ಒಂದು ಬೆಟಾಲಿಯನ್ನನ್ನು ಚೀನಾ ಸೇನೆ ಸುತ್ತುವರಿದಿತ್ತು. ಬ್ರಿಗೇಡಿಯರ್ ಟಾಮ್ ಬ್ರೋಡಿ ಅಮೆರಿಕನ್ ಜನರಲ್‌ಗೆ ‘ಥಿಂಗ್ಸ್ ಆರ್ ಎ ಬಿಟ್ ಸ್ಟಿಕಿ’ ಅಂದರಂತೆ. ಬ್ರಿಟಿಷ್ ಅಧಿಕಾರಿಯ ಬಾಯಲ್ಲಿ ಅದು ಪ್ರಾಣಸಂಕಟದ ಮಾತು. ಅಮೆರಿಕನ್ನರು ಮಾತ್ರ, ಸ್ವಲ್ಪ ಕಷ್ಟ ಇದೆ, ಹೇಗೋ ತಡೆದುಕೊಳ್ಳುತ್ತಾರೆ ಅಂದುಕೊಂಡರು. ಕೊನೆಗೆ ಆ ಬೆಟಾಲಿಯನ್ನಿನ 500ಕ್ಕೂ ಜಾಸ್ತಿ ಸೈನಿಕರು ಸೆರೆಸಿಕ್ಕರು. ಆ ಒಂದು ಮಾತೇ ಎಲ್ಲಕ್ಕೂ ಕಾರಣ ಅಂತ ನಾನು ಹೇಳುವುದಿಲ್ಲ, ಎದುರಿಗಿದ್ದ ಸೇನೆಯೂ ಅಷ್ಟು ದೊಡ್ಡದಿತ್ತು.

ಇನ್ನು ನಿಮ್ಮ ‘ಡೌಟ್’. ನಮಗೆ ಶಾಲೆಯಿಂದಲೂ ಡೌಟ್ ಅಂದರೆ ಸುಮ್ನೆ ಒಂದು ಪ್ರಶ್ನೆ, ಅಲ್ವಾ? ಇಲ್ಲಿಯವರಿಗೆ ಅದು ಅನುಮಾನ. ನಿಮ್ಮ ಪ್ಲ್ಯಾನ್ ಮೇಲೆ ನನಗೆ ನಂಬಿಕೆ ಇಲ್ಲ ಅಂದ ಹಾಗೆ ಕೇಳಿಸುತ್ತದೆ. ಹಾಗಾಗಿ ಅವತ್ತು ತಪ್ಪು ತಿಳಿದುಕೊಂಡದ್ದು ನೀವೊಬ್ಬರೇ ಅಲ್ಲ ಅಂತ ನನಗನ್ನಿಸುತ್ತದೆ. ಮುಂದೆ ‘ಐ ಹ್ಯಾವ್ ಎ ಕ್ವೆಶ್ಚನ್’ ಅನ್ನಿ. ಹೂಂ ಅನ್ನುವಾಗ ತಲೆ ಅಡ್ಡಡ್ಡ ಆಡಿಸುತ್ತೀವಲ್ಲ, ಅದೂ ಅವರಿಗೆ ತಿಳಿಯುವುದಿಲ್ಲ, ಬಾಯಿಬಿಟ್ಟು ‘ಯೆಸ್’ ಅನ್ನಿ.

ಆಫೀಸಿನ ಹೊರಗಿನ ಒಂದೆರಡು ಮಾತು. ನಿಮ್ಮ ಲೀಡ್ಸ್ ಇರುವ ಯಾರ್ಕ್‌ಷೈರ್ ಕಡೆಯವರು ‘ಟೀ’ಗೆ ಕರೆದರೆ ಊಟ ಮಾಡಿಕೊಂಡು ಹೋಗಬೇಡಿ, ಬಹಳ ಮನೆಗಳಲ್ಲಿ ಸಂಜೆಯ ಊಟಕ್ಕೇ ಆ ಹೆಸರು. ‘ಹಾಫ್ ಸೆವೆನ್’ ಅಂದರೆ ಏಳೂವರೆ. ‘ಆಲ್‌ರೈಟ್?’ ಅಂದವರಿಗೆ ನಿಮ್ಮ ನೆಗಡಿ ಕೆಮ್ಮಿನ ವಿವರ ಬೇಡ, ತಿರುಗಿ ‘ಆಲ್‌ರೈಟ್’ ಅಂದರೆ ಸಾಕು.

ಸೋಮವಾರ ಮ್ಯಾನೇಜರ್‌ಗೆ ಎರಡೇ ಸಾಲಿನ ಮೇಲ್ ಹಾಕಿ. ನಾನು ತಿಳಿದುಕೊಂಡದ್ದು ಇದು, ಸರಿ ಇದೆಯಾ ಅಂತ ಕೇಳಿ. ಕ್ಷಮಾಪಣೆ ಪತ್ರ ಬರೆದು ಅವರನ್ನು ಗಾಬರಿ ಮಾಡಬೇಡಿ.