ಇಲ್ಲಿ ಕೇಳುವವರಿಲ್ಲ, ನಿಜ

ತಂಗೀ, "ಸ್ಟುಟ್‌ಗಾರ್ಟ್‌ಗೆ ಬಂದು ಎರಡು ತಿಂಗಳಾಯ್ತು ಅಕ್ಕಾ. ಭಾನುವಾರ ಚರ್ಚಿಗೆ ಹೋದೆಯಾ ಅಂತ ಕೇಳೋರೇ ಇಲ್ಲ. ಹಗುರ ಅನಿಸುತ್ತೆ, ತಪ್ಪು ಮಾಡ್ತಿದ್ದೀನಾ ಅಂತಲೂ ಅನಿಸುತ್ತೆ. ಆ ಫಾರ್ಮಲ್ಲಿ ಧರ್ಮ ಅಂತ ಏನು ಬರೀಲಿ?" ಅಂತ ಕೇಳಿದ್ದೀಯ. ಓದಿ ನಗು ಬಂತು. 13 ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ಓಡುತ್ತಿತ್ತು.

ದಾವಣಗೆರೆಯಲ್ಲಿ ನಮಗೆ ಕಾವಲು ಜಾಸ್ತಿ ಇತ್ತು. ಶನಿವಾರ ಸಂಜೆ ಅಮ್ಮ ನನ್ನನ್ನು ಚರ್ಚ್ ಗುಡಿಸಲು ಕಳಿಸುತ್ತಿದ್ದರು. ಒಂದು ವಾರ ತಪ್ಪಿಸಿದರೆ ಪಿ.ಜೆ. ಬಡಾವಣೆ ತುಂಬಾ ಸುದ್ದಿ. ಗುಡಿಸುತ್ತಿದ್ದದ್ದು ದೇವರಿಗೋ ಪಕ್ಕದ ಮನೆ ಆಂಟಿಗೋ, ನನಗೇ ಗೊತ್ತಿರಲಿಲ್ಲ. ಜರ್ಮನಿಗೆ ಬಂದ ಮೊದಲ ವರ್ಷ ಭಾನುವಾರವೆಲ್ಲ ಮಲಗಿದೆ. ಅಂಗಡಿಗಳೂ ಮುಚ್ಚಿರುತ್ತವಲ್ಲ, ಇನ್ನೇನು ಮಾಡೋದು! ಅದನ್ನು ಪಾಪ ಅಂತ ನಾನು ಈಗಲೂ ಅನ್ನುವುದಿಲ್ಲ. ನೈಟ್ ಡ್ಯೂಟಿ ಮಾಡಿದ ಮೈಗೆ ನಿದ್ದೆ ಬೇಕು.

ಫಾರ್ಮ್ ವಿಷಯ ಮುಗಿಸಿಬಿಡುತ್ತೇನೆ. ವಿಳಾಸ ನೋಂದಾಯಿಸುವಾಗ ಪ್ರೊಟೆಸ್ಟೆಂಟ್ ಅಥವಾ ಕ್ಯಾಥೊಲಿಕ್ ಅಂತ ಬರೆದರೆ ಚರ್ಚ್ ತೆರಿಗೆಯನ್ನು ಸಂಬಳದಲ್ಲೇ ಹಿಡಿಯುತ್ತಾರೆ. ಗಾಬರಿಯಾಗಬೇಡ, ಸಂಬಳದ 8 ಪರ್ಸೆಂಟ್ ಅಲ್ಲ, ನೀನು ಕಟ್ಟುವ ಆದಾಯ ತೆರಿಗೆಯ 8 ಪರ್ಸೆಂಟ್. ನಮ್ಮವರೇ ಕೆಲವರು "ಧರ್ಮ ಇಲ್ಲ ಅಂತ ಹಾಕಿಬಿಡು, ದುಡ್ಡು ಉಳಿಯುತ್ತೆ" ಅನ್ನುತ್ತಾರೆ. ನನಗೆ ಸುಳ್ಳು ಬರೆಯಲು ಮನಸ್ಸಾಗಲಿಲ್ಲ, ಕಟ್ಟುತ್ತಿದ್ದೇನೆ. ಆದರೆ ಕಟ್ಟಿದೆ, ನನ್ನ ಪಾಲಿನದು ಮುಗೀತು ಅಂದುಕೊಂಡಿದ್ದೆನಲ್ಲ, ಅಲ್ಲೇ ಎಡವಿದ್ದು.

ಈ ಕಡೆ ಕೇರ್‌ವೋಖೆ ಅಂತ ಒಂದು ಪದ್ಧತಿ. ಗುಡಿಸುವ ವಾರ ಅಂತ ಅರ್ಥ. ವಾರಕ್ಕೊಂದು ಮನೆಯವರು ಮೆಟ್ಟಿಲು, ಬಾಗಿಲ ಮುಂದೆ ಎಲ್ಲ ಗುಡಿಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಸಣ್ಣ ಬೋರ್ಡ್ ತೂಗುತ್ತಿರುತ್ತದೆ. ನಾನು ಅದನ್ನು ಅಲಂಕಾರ ಅಂದುಕೊಂಡು ಸುಮ್ನೆ ಬಿಟ್ಟಿದ್ದೆ! ಮೆಟ್ಟಿಲು ಮಾತ್ರ ಯಾವಾಗಲೂ ಕ್ಲೀನಾಗಿರುತ್ತಿತ್ತು. ಒಂದು ದಿನ ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದರೆ, ಕೆಳಗಿನ ಮನೆಯ ಅಜ್ಜಿ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಪೊರಕೆ ಹಿಡಿದು ನನ್ನ ಪಾಲಿನ ಮೆಟ್ಟಿಲು ಗುಡಿಸುತ್ತಿದ್ದರು. ಬೈಯಲಿಲ್ಲ. "ನಿನಗೆ ರಾತ್ರಿ ಕೆಲಸ ಅಲ್ವಾ" ಅಂದರು, ಅಷ್ಟೇ. ಅವರು ಚರ್ಚಿಗೆ ಹೋಗುತ್ತಿದ್ದರೋ ಇಲ್ಲವೋ, ನಾನು ಕೇಳಲೇ ಇಲ್ಲ. ಅವತ್ತಿಂದ ನನ್ನ ವಾರದ ಜೊತೆ ಅವರ ವಾರವನ್ನೂ ನಾನೇ ಗುಡಿಸಿದೆ. ಹಿಮ ಬಿದ್ದರೆ ಮೊದಲು ಅವರ ಬಾಗಿಲು. ಊರಲ್ಲಿ ಗುಡಿಸಿದ್ದೂ ಇದೇ ಕೈ. ಆದರೆ ಈ ಸಲ ಅಮ್ಮ ಕಳಿಸಿದ್ದಲ್ಲ.

ಬೈಬಲಿನಲ್ಲಿ ಪೌಲ ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯ ತೆಗೆದು ನೋಡು. 13ನೇ ವಚನ ನಿನಗೂ ಬಾಯಿಪಾಠ ಇರುತ್ತದೆ: ಸಿಕ್ಕ ಸ್ವಾತಂತ್ರ್ಯವನ್ನು ನಿಮ್ಮ ಆಸೆಗೆ ನೆಪ ಮಾಡಿಕೊಳ್ಳದೆ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ ಅಂತ ಪೌಲ ಹೇಳುವುದು. ಅದೇ ಅಧ್ಯಾಯದ ಮೊದಲ ವಚನ ಮಾತ್ರ ನಮಗೆ ನೆನಪಿರುವುದಿಲ್ಲ. ಮತ್ತೆ ನೊಗಕ್ಕೆ ಕೊರಳು ಕೊಡಬೇಡಿ ಅನ್ನುತ್ತದೆ ಅದು. ಪೌಲನ ಕಾಲದ ನೊಗ, ಸುನ್ನತಿ ಮಾಡಿಸಿಕೊಳ್ಳಲೇಬೇಕು ಅನ್ನುವ ಕಟ್ಟಳೆಯದು. ನರ್ಸ್‌ಗಳಾದ ನಮ್ಮದು ಬೇರೆ. "ಇಂಡಿಯಾದ ಕ್ರೈಸ್ತ ಹುಡುಗಿಯರಿಗೆ ಸೇವೆ ಅಂದರೆ ಪ್ರಾಣ" ಅಂತ ಹೊಗಳಿ, ರಜೆಯ ದಿನವೂ ಡ್ಯೂಟಿಗೆ ಕರೆಯುವವರು ಸಿಗುತ್ತಾರೆ. ನನಗೆ ಸಿಕ್ಕಿದ್ದರು. ಒಂದು ವರ್ಷ ಇಲ್ಲ ಅನ್ನಲಾಗದೆ ಹೋದೆ, ಕೊನೆಗೆ ರೋಗಿಗಳ ಮೇಲೆ ರೇಗತೊಡಗಿದೆ. ಅದು ಸೇವೆಯಲ್ಲ, ಬಿಟ್ಟಿ ಚಾಕರಿ. ಆಗಲ್ಲ ಅನ್ನುವುದನ್ನು ಜರ್ಮನ್‌ನಲ್ಲಿ ಮೊದಲೇ ಕಲಿತುಕೋ.

ಚಳಿಗಾಲದಲ್ಲಿ ಇಲ್ಲಿನ ಲಿಯೊನ್‌ಹಾರ್ಡ್ ಚರ್ಚು ಕೆಲವು ವಾರ ಊಟದ ಮನೆಯಾಗುತ್ತದೆ. ಫೆಸ್ಪರ್‌ಕಿರ್ಖೆ ಅನ್ನುತ್ತಾರೆ, 1995ರಿಂದ ನಡೆಯುತ್ತಿದೆ. ಮನೆಯಿಲ್ಲದವರು, ಪಿಂಚಣಿ ಸಾಲದ ಮುದುಕರು, ಸುಮ್ನೆ ಮಾತಿಗೆ ಜನ ಬೇಕಾದವರು, ಎಲ್ಲರಿಗೂ ಬಿಸಿ ಊಟ. ಮಠದ ದಾಸೋಹದಲ್ಲಿ ಪಂಕ್ತಿಗೆ ಕೂತು ಉಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ತಟ್ಟೆ ತೊಳೆಯುವ ಕಡೆ ನಿಲ್ಲುತ್ತೇನೆ. ಅಲ್ಲಿ ಭಾಷೆ ಕಮ್ಮಿ ಇದ್ದರೂ ನಡೆಯುತ್ತದೆ. ಜನವರಿಯಲ್ಲಿ ರಜೆ ಸಿಕ್ಕಿದ ದಿನ ಬಾ. ಬರದಿದ್ದರೆ ಯಾಕೆ ಅಂತ ನಾನೂ ಕೇಳುವುದಿಲ್ಲ. ಊರಿಂದ ಮಂಡಕ್ಕಿ ತಂದಿದ್ದೀಯಂತೆ, ಅದನ್ನು ಮಾತ್ರ ಒಬ್ಬಳೇ ಮುಗಿಸಬೇಡ.