ಕಡಲಿನ ನಡುವೆ ಡಿಗ್ರಿಯ ಕಾಲುವೆಗಳು

ಪ್ರಶ್ನೆ: ಏಳನೆಯ ತರಗತಿಯಲ್ಲಿರುವ ನನ್ನ ಮಗಳು, ಲಕ್ಷದ್ವೀಪದ ಬಳಿ ‘ಒಂಬತ್ತು ಡಿಗ್ರಿ ಕಾಲುವೆ’ ಇದೆಯೆಂದು ಓದಿ, ಅಲ್ಲಿಯ ನೀರು ಅಷ್ಟೊಂದು ತಣ್ಣಗಿದೆಯೇ ಎಂದು ಕೇಳಿದಳು. ಕಡಲಿನಲ್ಲಿ ಕಾಲುವೆ ತೋಡಿದವರು ಯಾರೆಂಬುದು ಅವಳ ಇನ್ನೊಂದು ಪ್ರಶ್ನೆ. ದಯವಿಟ್ಟು ತಿಳಿಸುವಿರಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮಗಳ ಎರಡು ಪ್ರಶ್ನೆಗಳೂ ಬಹಳ ಚೆನ್ನಾಗಿವೆ. ಇಲ್ಲಿ ಡಿಗ್ರಿ ಎಂದರೆ ನೀರಿನ ಉಷ್ಣತೆಯಲ್ಲ, ಅಕ್ಷಾಂಶ. ನಕಾಶೆಯ ಅಂಚಿನಲ್ಲಿ 9 ಎಂಬ ಅಂಕಿ ಇರುವಲ್ಲಿ ಅಡಿಕೋಲನ್ನು ಅಡ್ಡಲಾಗಿ ಇಟ್ಟು ನೋಡಲು ಅವಳಿಗೆ ಹೇಳಿರಿ. ಕೋಲಿನ ಮೇಲುಗಡೆ ಕಲ್ಪೇನಿ, ಸುಹೇಲಿ ಮೊದಲಾದ ದ್ವೀಪಗಳೂ ಕೆಳಗಡೆ ಒಂಟಿಯಾಗಿ ಮಿನಿಕಾಯ್ ದ್ವೀಪವೂ ಕಾಣುತ್ತವೆ. ನಡುವಣ ನೀರಿನ ಅಗಲ ಸುಮಾರು 200 ಕಿಲೋಮೀಟರ್, ಅಂದರೆ ಕಾಸರಗೋಡಿನಿಂದ ಕಲ್ಲಿಕೋಟೆಗಿರುವ ದೂರಕ್ಕಿಂತಲೂ ಹೆಚ್ಚು.

ಅಡಿಕೆ ತೋಟದ ಕಣಿಗಳನ್ನು ನೋಡುತ್ತ ಬೆಳೆದ ಮಕ್ಕಳು ‘ಕಾಲುವೆ’ ಎಂದೊಡನೆ ಯಾರೋ ತೋಡಿದ್ದೆಂದು ಭಾವಿಸುವುದು ಸಹಜ. ಪಠ್ಯಪುಸ್ತಕಗಳು ‘ಕಡಲಹಾದಿ’ ಎಂದಿದ್ದರೆ ಒಳ್ಳೆಯದಿತ್ತೆಂದು ನನಗನಿಸುತ್ತದೆ. ಭಾರತದ ಭೂಫಲಕವು ಉತ್ತರಕ್ಕೆ ಸರಿಯುತ್ತಿದ್ದ ಕಾಲದಲ್ಲಿ ಅದರಡಿಯ ಜ್ವಾಲಾಮುಖಿಯ ಶಿಲಾರಸ ಉಕ್ಕಿ, ಲಕ್ಷದ್ವೀಪದಿಂದ ಮಾಲ್ದೀವ್ಸ್ ದಾಟಿ ಚಾಗೋಸ್‌ವರೆಗೆ ಸಮುದ್ರದಡಿಯಲ್ಲಿ ಒಂದು ಪರ್ವತಸಾಲು ಏರ್ಪಟ್ಟಿತು. ಅದರ ಎತ್ತರದ ಭಾಗಗಳ ಮೇಲೆ ಹವಳ ಬೆಳೆದು ದ್ವೀಪಗಳಾದವು, ತಗ್ಗಿನ ಭಾಗಗಳು ಈ ಆಳವಾದ ಹಾದಿಗಳಾಗಿ ಉಳಿದವು.

ಮಿನಿಕಾಯ್ ಮತ್ತು ಮಾಲ್ದೀವ್ಸ್‌ಗಳ ನಡುವೆ ಇರುವುದು ಎಂಟು ಡಿಗ್ರಿ ಕಾಲುವೆ. ಅದರ ಅಗಲ ಸುಮಾರು 130 ಕಿಲೋಮೀಟರ್ ಮಾತ್ರ. ಹಾಗಾಗಿ ಮಿನಿಕಾಯ್‌ಗೆ ಕಲ್ಪೇನಿಗಿಂತ ಮಾಲ್ದೀವ್ಸ್ ಹತ್ತಿರ, ಮತ್ತು ಅದು ಜನರ ಬಾಯಲ್ಲೇ ಕೇಳಿಸುತ್ತದೆ: ಉತ್ತರದ ದ್ವೀಪಗಳವರು ಮಲಯಾಳದ ಒಂದು ಬಗೆಯನ್ನು ಆಡಿದರೆ ಮಿನಿಕಾಯ್‌ನವರ ಮಹಲ್ ಭಾಷೆ ಮಾಲ್ದೀವ್ಸ್‌ನ ದಿವೇಹಿಯದೇ ರೂಪ. ಅರಬ್ ದೇಶಗಳಿಂದಲೂ ಸುಯೆಜ್ ಕಡೆಯಿಂದಲೂ ಪೂರ್ವಕ್ಕೆ ಸಾಗುವ ದೊಡ್ಡ ಹಡಗುಗಳು ಈ ಎರಡು ಹಾದಿಗಳನ್ನು ಬಳಸುತ್ತವೆ. ಮಿನಿಕಾಯ್‌ನ ದೀಪಸ್ತಂಭ 1885ರದು. ಅಂಡಮಾನ್ ಮತ್ತು ನಿಕೋಬಾರ್‌ಗಳನ್ನು ಬೇರ್ಪಡಿಸುವ ಹತ್ತು ಡಿಗ್ರಿ ಕಾಲುವೆಗೂ ಹೆಸರು ಬಂದದ್ದು ಇದೇ ರೀತಿಯಲ್ಲಿ.

ಮಗಳಿಗೆ ಇದನ್ನೂ ಹೇಳಿರಿ. ಅಮಿನಿ, ಕಡಮತ್, ಕಿಲ್ತಾನ್, ಚೇತ್ಲಾತ್, ಬಿತ್ರ ದ್ವೀಪಗಳು ನಿಮ್ಮ ಕಾಸರಗೋಡಿನಂತೆಯೇ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ ಅವು ಕೇಂದ್ರಾಡಳಿತ ಪ್ರದೇಶವಾದವು.